ಇಗರ್ಜಿಯ ಹತ್ತಿರ ಎಡಕ್ಕೆ

ಇಟಲಿಯ ಕಡಲತೀರವನ್ನು ವರ್ಣಿಸುವಾಗ ಗುಲಾಮ್ ಮುಹಮ್ಮದ್ ಸಾಹೇಬರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಸೌದಿಯ ದಮ್ಮಾಮಿನ ಮಾರುಕಟ್ಟೆಯಲ್ಲಿ, ಮೊಬೈಲ್ ರಿಪೇರಿಯವನಿಗೂ ದರ್ಜಿಗೂ ನಡುವೆ ಸಿಕ್ಕಿಕೊಂಡ ಅವರ 'ಶಿರಾಲಿ ಟ್ರಾವೆಲ್ಸ್'ನಲ್ಲಿ ಕುಳಿತ ಗಿರಾಕಿಗೆ ಆಗ ಏಸಿಯ ಗುರುಗುರು ಕೇಳುತ್ತಿರಲಿಲ್ಲ. ಬೆಟ್ಟದ ಮೇಲೊಂದು ಊರು. ಅಲ್ಲಿಂದ ಕೆಳಗಿನ ದೋಣಿಕಟ್ಟೆಯವರೆಗೆ ಏಳುನೂರು ಕಲ್ಲಿನ ಮೆಟ್ಟಿಲು. ನಡುವೆ ಪುಟ್ಟ ಇಗರ್ಜಿ. ಅದರ ಹತ್ತಿರ ಎಡಕ್ಕೆ ತಿರುಗಿದರೆ ಲಿಂಬೆ ತೋಟ, ತೋಟ ದಾಟಿದರೆ ಸಮುದ್ರ. "ನಾನೇ ನಡೆದದ್ದು ಮಾರಾಯ್ರೆ, ಈ ಕಾಲಲ್ಲೇ" ಎಂದು ತೊಡೆ ತಟ್ಟಿಕೊಂಡು ಮಾತು ಮುಗಿಸುತ್ತಿದ್ದರು.

ಆ ಕಾಲು ಇಟಲಿಯ ನೆಲ ಮೆಟ್ಟಿರಲಿಲ್ಲ. ಭಟ್ಕಳ, ಮುಂಬಯಿ, ದುಬೈ, ದಮ್ಮಾಮ್, ಹಜ್ಜಿಗೆಂದು ಮಕ್ಕಾ, ಅಷ್ಟೇ. ಯುರೋಪಿನ ವೀಸಾಕ್ಕೆ ಎರಡು ಸಲ ಅರ್ಜಿ ಹಾಕಿದ್ದರು. ಎರಡು ಸಲವೂ ಆಗದು ಎಂಬ ಚೀಟಿಯೊಂದಿಗೆ ಪಾಸ್‌ಪೋರ್ಟ್ ವಾಪಸ್ ಬಂದಿತ್ತು. ಊರಿಗೆಲ್ಲ ವೀಸಾ ಮಾಡಿಸಿಕೊಡುವವನಿಗೇ ವೀಸಾ ಇಲ್ಲವೆಂದು ಗೊತ್ತಾದರೆ ಅಂಗಡಿಗೆ ಯಾರು ಬರುತ್ತಾರೆ? ಹೆಂಡತಿ ವಾಜಿದಾಳನ್ನು ಬಿಟ್ಟರೆ ಈ ವಿಷಯ ಯಾರಿಗೂ ತಿಳಿದಿರಲಿಲ್ಲ.

ಹೋಗಿ ಬಂದ ಗಿರಾಕಿಗಳನ್ನು ಅವರು ಸುಮ್ಮನೆ ಬಿಡುತ್ತಿರಲಿಲ್ಲ. ಹಾಲಿಲ್ಲದ ಸುಲೈಮಾನಿ ಚಹಾ ತರಿಸಿ ಕೂರಿಸಿಕೊಂಡು, ಏನು ಕಂಡಿರಿ, ಗಾಳಿ ಹೇಗಿತ್ತು, ಮೀನು ಯಾವುದು ಸಿಕ್ಕಿತು ಎಂದು ಕೆದಕಿ ಕೆದಕಿ ಕೇಳುತ್ತಿದ್ದರು. ಗಿರಾಕಿ ಹೇಳಿದ್ದು ಮರುವಾರವೇ ಸಾಹೇಬರ ಸ್ವಂತ ಅನುಭವವಾಗಿ ಬಿಡುತ್ತಿತ್ತು. ಮೆಟ್ಟಿಲಿನ ಕಥೆ ಒಂಬತ್ತು ವರ್ಷದ ಹಿಂದೆ ಮೊಯಿದಿನಬ್ಬ ಎಂಬ ಮಂಗಳೂರು ಕಡೆಯ ಗುತ್ತಿಗೆದಾರ ಹೇಳಿದ್ದು. ಸಾಹೇಬರು ಹೇಳುತ್ತಿದ್ದುದೆಲ್ಲ ಸುಳ್ಳು, ಒಪ್ಪೋಣ. ಆದರೆ ಆ ಸಮುದ್ರವನ್ನು ನೋಡಬೇಕೆಂಬ ಅವರ ಆಸೆ ಮಾತ್ರ ಸುಳ್ಳಲ್ಲ.

ಅಕ್ಟೋಬರಿನ ಒಂದು ದಿನ ರಾತ್ರಿಯ ಇಶಾ ನಮಾಜು ಮುಗಿಸಿ ಬಂದು ಕೂತಿದ್ದರು. ಎದುರಿಗೆ ಉಡುಪಿಯ ಹಲ್ಲಿನ ಡಾಕ್ಟರ್ ಅಕ್ಷಿತಾ, ಮೇಜಿನ ಮೇಲೆ ಅವಳ ಪಾಸ್‌ಪೋರ್ಟ್. ಸಾಹೇಬರು ಆಗಲೇ ಕಣ್ಣು ಮುಚ್ಚಿ ಇಗರ್ಜಿಯವರೆಗೆ ತಲುಪಿದ್ದರು. ಆಗ ಫೋನ್ ಬಂತು.

"ಸಾಬ್ರೇ, ಶಾಮಣ್ಣ ಮಾತಾಡ್ತಿರೋದು. ಮೆಟ್ಟಿಲ ಮೇಲಿಂದ."

ಮೈಸೂರಿನ ಶಾಮಣ್ಣ ರಾಸ್ ತನೂರಾದ ರಿಫೈನರಿಯಲ್ಲಿ ಎಂಜಿನಿಯರ್. ಹೆಂಡತಿ ಚಂದ್ರಮತಿ ಇಂಡಿಯನ್ ಶಾಲೆಯಲ್ಲಿ ಇತಿಹಾಸದ ಟೀಚರ್. ಇಟಲಿಯಲ್ಲಿರುವ ಹಳೆಯ ಗ್ರೀಕ್ ದೇವಾಲಯಗಳನ್ನು ಪುಸ್ತಕದಲ್ಲಿ ತೋರಿಸಿ ತೋರಿಸಿ ಸಾಕಾಗಿದೆ, ಕಣ್ಣಾರೆ ನೋಡಬೇಕು ಎಂದು ಗಂಡನನ್ನು ಹೊರಡಿಸಿದವರು ಅವರೇ. ಆ ಇಬ್ಬರಿಗೂ ಮೆಟ್ಟಿಲಿನ ಕಥೆ ಹೇಳಿದ್ದು ಸಾಹೇಬರು.

"ಇಗರ್ಜಿ ಹತ್ರ ನೀವು ಹೇಳಿದ ಹಾಗೇ ಎಡಕ್ಕೆ ತಿರುಗಿದ್ವಿ. ನೂರು ಮೆಟ್ಟಿಲು ಇಳಿದ ಮೇಲೆ ದಾರಿಗೆ ಅಡ್ಡ ಬಲೆ ಕಟ್ಟಿದಾರೆ. ಆಚೆ ಮೆಟ್ಟಿಲು ಕಾಣ್ತಿದೆ. ಲಿಂಬೆ ತೋಟ ಆಮೇಲೆ ಬರುತ್ತಾ?"

"ಬೋರ್ಡು ಎಂತದಾದ್ರೂ ಉಂಟಾ?"

"ಇದೆ, ಕೆಂಪು ಅಕ್ಷರ. ಓದಕ್ಕೆ ಬರಲ್ಲ. ಬಲೆ ಒಂದು ಕಡೆ ಬಿಚ್ಚಿಕೊಂಡಿದೆ, ಎತ್ತಿ ನುಸುಳಬಹುದು. ಇವಳಿಗೆ ಮಂಡಿ ಹಿಡ್ಕೊಂಡಿದೆ, ಮತ್ತೆ ಮೇಲಿನ ಊರಿಗೆ ಹತ್ತಿಸೋದು ಆಗದ ಮಾತು. ಇಲ್ಲೂ ಸೂರ್ಯ ಇಳೀತಾ ಇದಾನೆ. ಇಲ್ಲಿ ಒಂದು ನರಪಿಳ್ಳೆ ಇಲ್ಲ. ಮ್ಯಾಪ್ ಬರ್ತಿಲ್ಲ, ಬ್ಯಾಟರಿ ಎಂಟು ಪರ್ಸೆಂಟು. ನೀವು ನಡೆದಿದೀರಲ್ಲ, ಒಂದು ಮಾತು ಹೇಳಿಬಿಡಿ. ಹೋಗ್ಲಾ?"

ಹೋಗಿ ಎನ್ನುವಂತಿಲ್ಲ, ಬೇಡ ಎನ್ನಲು ಕಾರಣ ಗೊತ್ತಿಲ್ಲ.

"ಎರಡು ನಿಮಿಷ ನಿಲ್ಲಿ. ನಾನೇ ಫೋನ್ ಮಾಡ್ತೇನೆ. ಎಲ್ಲಿಗೂ ಹೋಗ್ಬೇಡಿ, ಆಯ್ತಾ?"

ಮೊಯಿದಿನಬ್ಬ ಈಗ ತಬೂಕಿನಲ್ಲಿ ತೋಟಗಳಿಗೆ ಪಂಪು ಜೋಡಿಸುತ್ತಿದ್ದ. ಅವನಿಗೆ ಮಾಡಿದ ಫೋನ್ ಮೊದಲ ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೇ ಸಲವೂ ನಿಂತಿತು. ಮೂರನೇ ಸಲ ಅವಸರದಲ್ಲಿ ಕರೆ ಯಾರಿಗೋ ಹೋಯಿತು, ಸಾಹೇಬರು ಅದನ್ನು ಕತ್ತರಿಸಿ ಮತ್ತೆ ಒತ್ತಿದರು. ಈ ಸಲ ಮೊಯಿದಿನಬ್ಬ ಎತ್ತಿದ.

"ಎಂತ ಗುಲಾಮ್ ಭಾಯ್, ಇಷ್ಟು ಅರ್ಜೆಂಟು?"

"ಇಟಲಿಯ ಮೆಟ್ಟಿಲು. ಇಗರ್ಜಿ ಹತ್ರ ನೀನು ಯಾವ ಕಡೆ ತಿರುಗಿದ್ದು? ಎಡಕ್ಕಾ?"

"ಹೌದು, ಎಡಕ್ಕೆ. ಅದನ್ನು ಈಗ ಎಂತಕ್ಕೆ..."

"ಎಡಕ್ಕೆ ಇಳಿದ್ರೆ ಲಿಂಬೆ ತೋಟ ಅಲ್ವಾ?"

"ಇಳಿಯುವುದು ಎಲ್ಲಿ ಮಾರಾಯ! ನಾನು ದೋಣಿಯಲ್ಲಿ ಬಂದವ. ಕೆಳಗಿಂದ ತೋಟದ ದಾರಿ ಹಿಡಿದು ಹತ್ತಿದ್ದು, ಇಗರ್ಜಿ ಸಿಕ್ಕಿದ ಮೇಲೆ ಎಡಕ್ಕೆ ತಿರುಗಿ ಮೇಲೆ ಹೋದದ್ದು."

ಸಾಹೇಬರು ಫೋನ್ ಕೆಳಗಿಟ್ಟರೋ ಬಿಟ್ಟರೋ ಅವರಿಗೇ ತಿಳಿಯಲಿಲ್ಲ. ಹತ್ತುವವನ ಎಡವನ್ನು ಒಂಬತ್ತು ವರ್ಷ ಇಳಿಯುವವರಿಗೆ ಹಂಚಿದ್ದರು. ಹಾಗೆ ಎಡಕ್ಕೆ ಹೋಗಿ ಎಷ್ಟು ಜನ ಅಲೆದರೋ, ಬಂದು ಹೇಳಲು ನಾಚಿದರೋ, ಯಾರಿಗೆ ಗೊತ್ತು.

ಶಾಮಣ್ಣನಿಗೆ ಫೋನ್ ಹೋಯಿತು. ಮಾತಿಗಿಂತ ಮೊದಲು ಸಣ್ಣ ಕಲ್ಲುಗಳು ಉರುಳುವ ಸದ್ದು ಕೇಳಿತು, ಹಿಂದೆಯೇ ಚಂದ್ರಮತಿಯವರ ಧ್ವನಿ: "ರೀ, ಬೇಡಾರೀ, ವಾಪಸ್ ಬನ್ನಿ."

"ಶಾಮಣ್ಣನವ್ರೇ, ಎಲ್ಲಿದ್ದೀರಿ?"

"ಬಲೆ ದಾಟಿ ಬಂದೆ, ಸ್ವಲ್ಪ ನೋಡೋಣ ಅಂತ. ಮೆಟ್ಟಿಲು ಸಡಿಲ ಇದೆ ಅಷ್ಟೇ. ನೀವು ನಡೆದಾಗಲೂ ಹೀಗೇ ಇತ್ತಾ?"

"ಹೊರಗೆ ಬನ್ನಿ. ಈಗಲೇ."

"ಇಷ್ಟು ದೂರ ಬಂದು... ಇನ್ನೊಂದು ತಿರುವು ನೋಡ್ತೀನಿ. ನೀವೇ ಎಡಕ್ಕೆ ಅಂದ್ರಲ್ಲ ಸಾಬ್ರೇ, ನೀವೇ ನಡೆದಿದ್ದು ಅಂತ..."

"ನಾನು ನಡೀಲಿಲ್ಲ!"

ಕೂಗು ಪಕ್ಕದ ಮೊಬೈಲ್ ಅಂಗಡಿಗೂ ಕೇಳಿರಬೇಕು. ಅಕ್ಷಿತಾ ಬೆಚ್ಚಿ ತಲೆಯೆತ್ತಿದಳು.

"ನಾನು ಇಟಲಿಗೆ ಹೋಗಿಯೇ ಇಲ್ಲ ಶಾಮಣ್ಣನವ್ರೇ. ನನಗೆ ವೀಸಾ ಸಿಗ್ಲಿಲ್ಲ. ಯಾರೋ ಹೇಳಿದ್ದನ್ನು ನಂದು ಅಂತ ಹೇಳಿದ್ದು. ಅವನು ಹತ್ತಿ ಹೋದವ, ನಾನು ನಿಮ್ಮನ್ನು ಇಳಿಸಿದೆ. ಅಲ್ಲಾಹನ ಮೇಲಾಣೆ, ಒಂದು ಹೆಜ್ಜೆ ಮುಂದೆ ಇಡ್ಬೇಡಿ."

ಆ ಕಡೆ ಮತ್ತೊಂದು ಕಲ್ಲು ಉರುಳಿ, ಬಹಳ ಹೊತ್ತಿನ ನಂತರ ಎಲ್ಲೋ ಕೆಳಗೆ ಬಿತ್ತು.

"ಹೊರಗೆ ಬಂದೆ," ಎಂದರು ಶಾಮಣ್ಣ. ಸ್ವರವೇ ಬೇರೆಯಾಗಿತ್ತು. "ಹೇಳಿ, ಈಗ ಏನ್ ಮಾಡ್ಲಿ?"

"ಇಗರ್ಜಿವರೆಗೆ ಮಾತ್ರ ಹತ್ತಿ, ಮೇಡಮ್ಮನ್ನು ಕೂರಿಸಿ ಕೂರಿಸಿ ಹತ್ತಿಸಿ. ಅಲ್ಲಿಂದ ಆ ಕಡೆಯ ದಾರಿ, ಮೇಲಿಂದ ಬರುವಾಗ ಬಲಕ್ಕೆ ಸಿಗುವುದು. ಇದೂ ನಾನು ಕಂಡದ್ದಲ್ಲ, ಅವನು ಹೇಳಿದ್ದು. ಅಲ್ಲಿಯೂ ಬಲೆ ಇದ್ರೆ ಇಗರ್ಜಿ ಕಟ್ಟೆ ಮೇಲೆ ಕೂತು ಪೊಲೀಸರಿಗೆ, ಒಂದು ಒಂದು ಎರಡಕ್ಕೆ..."

ಫೋನ್ ಸತ್ತಿತು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅಕ್ಷಿತಾ ಪಾಸ್‌ಪೋರ್ಟನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ನೀವು ಹೋಗ್ಲೇ ಇಲ್ವಾ ಅಂಕಲ್?"

"ಇಲ್ಲ ಮಗಳೇ."

"ನಾಳೆ ಬರ್ತೇನೆ," ಎಂದು ಅವಳು ಎದ್ದಳು. ಬರುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಅವಳನ್ನು ತಡೆಯಲು ಸಾಹೇಬರಿಗೆ ಪುರುಸೊತ್ತಿರಲಿಲ್ಲ. ಶಾಮಣ್ಣನವರು ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಹಚ್ಚಿದರು. ಅಲ್ಲಿದ್ದವನ ಅರ್ಧ ಇಂಗ್ಲಿಷಿಗೆ ತಮ್ಮ ಅರ್ಧ ಇಂಗ್ಲಿಷ್ ಸೇರಿಸಿ, ಇಗರ್ಜಿ, ಮೆಟ್ಟಿಲು, ಗಂಡ ಹೆಂಡತಿ ಎಂದು ಹೇಗೋ ತಿಳಿಸಿದರು. ದೋಣಿಕಟ್ಟೆಯ ಜನರಿಗೆ ಹೇಳುತ್ತೇನೆ ಎಂದು ಅವನು ಇಟ್ಟುಬಿಟ್ಟ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಇಷ್ಟು ಹೆದರಿಕೆ ಅವರಿಗೆ ಮಕ್ಕಳ ಹೆರಿಗೆಯ ಹೊತ್ತಿನಲ್ಲೂ ಆಗಿರಲಿಲ್ಲ. ನಾಚಿಕೆ ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ದರ್ಜಿ ಅಂಗಡಿ ಮುಚ್ಚಿ ಸಲಾಂ ಹೇಳಿ ಹೋದ, ಅವರು ತಲೆಯೆತ್ತಲಿಲ್ಲ.

ಒಂದು ಗಂಟೆ ಹತ್ತು ನಿಮಿಷದ ನಂತರ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾನು ಚಂದ್ರಮತಿ. ಕೆಳಗಿದೀವಿ. ಬಲಗಡೆಯೇ ಸರಿ ದಾರಿ. ಅರ್ಧದಲ್ಲಿ ದೋಣಿಯವನೊಬ್ಬ ಟಾರ್ಚ್ ಹಿಡ್ಕೊಂಡು ಎದುರು ಬಂದ, ಅವನದೇ ಫೋನು ಇದು. ಇವರು ಕಾಲು ಚಾಚಿ ಕೂತಿದಾರೆ, ಮಾತಾಡಲ್ವಂತೆ ನಿಮ್ಮ ಹತ್ರ."

'ಅಲ್‌ಹಮ್ದುಲಿಲ್ಲಾ' ಎಂದು ಸಾಹೇಬರು ದೇವರನ್ನು ನೆನೆದರು.

"ನನಗೂ ಸಿಟ್ಟು ಬಂದಿದೆ. ಬಂದ ಮೇಲೆ ಎದುರು ಕೂತು ಬೈತೀನಿ. ನನಗೆ ಆವತ್ತೇ ಅನುಮಾನ ಇತ್ತು. ಹೋಗಿ ಬಂದವರು ಯಾರೂ ಕಣ್ಣು ಮುಚ್ಚಲ್ಲ, ಫೋನ್ ತೆಗೆದು ಫೋಟೋ ತೋರಿಸ್ತಾರೆ."

"ಮತ್ತೆ ಯಾಕಮ್ಮ ನಂಬಿದ್ರಿ?"

"ಅಷ್ಟು ಆಸೆಯಿಂದ ಹೇಳೋರು ದಾರಿ ತಪ್ಪಿಸಲ್ಲ ಅಂದ್ಕೊಂಡೆ. ನಾಳೆ ಆ ಗ್ರೀಕ್ ದೇವಸ್ಥಾನ. ಮೂರನೇ ಕಂಬದ ಹತ್ರ ನಿಂತರೆ ಸಮುದ್ರದ ಗಾಳಿ ಬರುತ್ತೆ ಅಂದಿದ್ರಿ. ಅದಾದ್ರೂ ನಿಜಾನಾ?"

ಸಾಹೇಬರ ಕಣ್ಣು ಅಭ್ಯಾಸಬಲದಿಂದ ಮುಚ್ಚಲು ಹೊರಟಿತ್ತು. ಅವರು ಬಲವಂತವಾಗಿ ತೆರೆದರು. ಎದುರಿಗೆ ಖಾಲಿ ಕುರ್ಚಿ ಇತ್ತು.

"ನನಗೆ ಗೊತ್ತಿಲ್ಲಮ್ಮ. ನೀವು ನಿಂತು ನೋಡಿ ಬಂದು ಹೇಳಿ. ಯಾವ ಕಡೆಯಿಂದ ಒಳಗೆ ಹೋದದ್ದು, ಅದನ್ನೂ ಸೇರಿಸಿ ಹೇಳಿ."