ಟೈಲರಮ್ಮ ಹಾಕಿದ ಸಹಿ

ಟೈಲರಮ್ಮನ ಬಲಗಾಲು ಉಳಿಯುವುದಿಲ್ಲವೆಂದು ಬೆಳಿಗ್ಗೆ ಪಟ್ಟಿ ಬಿಚ್ಚಿದಾಗಲೇ ಡಾಕ್ಟರಿಗೆ ಖಚಿತವಾಯಿತು. ಸಕ್ಕರೆ ಕಾಯಿಲೆಯ ಹುಣ್ಣು ಬೆರಳುಗಳನ್ನು ದಾಟಿ ಪಾದವನ್ನೆಲ್ಲ ತಿಂದುಹಾಕಿತ್ತು. ಮೊಣಕಾಲಿನ ಕೆಳಗೆ ತೆಗೆದರೆ ಜೀವ ಉಳಿಯುತ್ತದೆ. ಎರಡು ದಿನ ತಡವಾದರೆ ಅದೂ ಕೈತಪ್ಪಿದ ಹಾಗೆ.

ಮಗ ಡಾಕ್ಟರನ್ನು ಕಾರಿಡಾರಿನ ಮೂಲೆಗೆ ಕರೆದು ಅಂಗಲಾಚಿದ. ಮೂವತ್ತೆಂಟು ವರ್ಷ ಹೊಲಿಗೆ ಯಂತ್ರ ತುಳಿದು ತನ್ನನ್ನೂ ತಂಗಿಯನ್ನೂ ಸಾಕಿದವಳು ಅಮ್ಮ. ಕಾಲು ಹೋಗುತ್ತದೆಂದರೆ ಎದೆಯೊಡೆದುಕೊಳ್ಳುತ್ತಾಳೆ. ಹುಣ್ಣು ತೊಳೆಯುತ್ತೇವೆಂದಷ್ಟೇ ಹೇಳಿ ಆಪರೇಷನ್ ಕೋಣೆಗೆ ಕರೆದುಕೊಂಡು ಹೋಗಿಬಿಡಿ, ಸಹಿ ನಾನು ಹಾಕುತ್ತೇನೆ ಎಂದ. ತಂಗಿಯೂ ಕೈಮುಗಿದಳು.

ಡಾಕ್ಟರ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ನಿಜ ಹೇಳಿದರೆ ಆಕೆ ಬೇಡವೆಂದು ಪಟ್ಟು ಹಿಡಿಯಬಹುದು. ಆಮೇಲೆ ಕಾಲಿನ ಜೊತೆ ಜೀವವೂ ಹೋಯಿತು. ಸುಳ್ಳು ಹೇಳಿದರೆ ಕೆಲಸ ಸಲೀಸು. ಆದರೆ ಎಚ್ಚರವಾದ ಮೇಲೆ ಹೊದಿಕೆ ಸರಿಸಿ ನೋಡುವ ಆ ಕಣ್ಣುಗಳನ್ನು ಎದುರಿಸುವವರು ಯಾರು?

"ಸುಳ್ಳು ಹೇಳೋದು ನನ್ನ ಕೈಲಾಗಲ್ಲ," ಎಂದರು. "ನೀವಿಬ್ಬರೂ ಪಕ್ಕದಲ್ಲೇ ಕೂತಿರಿ. ಅಷ್ಟು ಸಾಕು."

ಎಲ್ಲವನ್ನೂ ಕೇಳುವಿರೋ, ಮಕ್ಕಳಿಗಷ್ಟೇ ಹೇಳಲೋ ಎಂದು ಟೈಲರಮ್ಮನ ಹಾಸಿಗೆಯ ಬಳಿ ಕುರ್ಚಿ ಎಳೆದುಕೊಂಡು ಮೊದಲು ಕೇಳಿದರು.

"ಕಾಲು ನಂದು ತಾನೇ? ಹೇಳಿ ಡಾಕ್ಟ್ರೇ."

ಡಾಕ್ಟರು ಹೇಳಿದರು. ಟೈಲರಮ್ಮ ಬಾಗಿ ಪಾದವನ್ನು ನೋಡಿದಳು. ಆಮೇಲೆ ಎಲ್ಲಿವರೆಗೆ ಎಂದು ಕೇಳಿ, ಪೆನ್ನಿನಲ್ಲಿ ಗೆರೆ ಎಳೆಸಿ, ಬೆರಳಿಟ್ಟು ಅಳತೆ ನೋಡಿದಳು.

"ನಾವು ಬಟ್ಟೆ ಕತ್ತರಿಸೋವಾಗ ಹೊಲಿಗೆಗೆ ಅಂತ ಒಂಚೂರು ಬಿಟ್ಕೋತೀವಿ. ನೀವೂ ಬಿಡ್ತೀರಾ?"

"ಬಿಡ್ತೀವಮ್ಮ. ಹಿಂದಿನ ಚರ್ಮ ಉದ್ದ ಬಿಟ್ಟು, ಮುಂದಕ್ಕೆ ಮಡಚಿ ಹೊಲೀತೀವಿ."

"ಹಾಗಾದ್ರೆ ಕಸುಬು ಬಲ್ಲೋರೇ. ಕಾಗದ ಕೊಡಿ, ಸಹಿ ನಾನೇ ಹಾಕ್ತೀನಿ."

ಮಗನಿಗೆ ತಡೆಯಲಾಗಲಿಲ್ಲ. ತಾನು ಮಾಡಹೊರಟಿದ್ದನ್ನು ಒಂದೂ ಬಿಡದೆ ಒಪ್ಪಿಕೊಂಡ. ಅವಳು ಅವನ ಕಿವಿ ಹಿಂಡಿದಳು; ಹಿಂಡಿದ ಕೈಯಲ್ಲೇ ಅವನ ತಲೆಯನ್ನು ಎದೆಗೊತ್ತಿಕೊಂಡು, ಆಗ ಅತ್ತಳು.

ಗಾಯ ಚೆನ್ನಾಗಿ ಮಾಗಿತು. ಕೃತಕ ಕಾಲು ಕಟ್ಟಿಕೊಂಡು ಮೊದಲ ವಾರ ಎರಡು ಸಲ ಬಿದ್ದಳು, ಎರಡು ಸಲವೂ ಕಾಲಿಗೇ ಬೈದಳು. ಎಡಗಾಲೊಂದರಲ್ಲೇ ಯಂತ್ರ ತುಳಿಯುವುದನ್ನು ಕಲಿತಳು. ಐದನೇ ತಿಂಗಳಿಗೆ ಒಂದು ಶಾಲೆಯ ಅಷ್ಟೂ ಸಮವಸ್ತ್ರ ಹೊಲಿಯಲು ಒಪ್ಪಿಕೊಂಡಳೆಂದು ಮಗಳು ಡಾಕ್ಟರಿಗೆ ಫೋನಿನಲ್ಲಿ ತಿಳಿಸಿದಳು.

ತಪಾಸಣೆಯ ದಿನ ಡಾಕ್ಟರು ಎರಡನೇ ಮಹಡಿಯಿಂದ ಬಗ್ಗಿ ನೋಡಿದರೆ, ಟೈಲರಮ್ಮ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ. ಹಿಂದೆ ಚೀಲ ಹೊತ್ತ ಮಗ ಏದುಸಿರು ಬಿಡುತ್ತಿದ್ದಾನೆ.

"ಲಿಫ್ಟ್ ಇದೆಯಲ್ಲಮ್ಮ," ಎಂದರು ಡಾಕ್ಟರು.

"ಅದು ಕಾಲಿಲ್ಲದೋರಿಗೆ, ಡಾಕ್ಟ್ರೇ."

ಅವಳು ಕೊನೆಯ ಮೆಟ್ಟಿಲು ಹತ್ತಿ ನೆಟ್ಟಗೆ ನಿಂತಾಗ, ಎಂದೂ ದನಿಯೆತ್ತದ ಡಾಕ್ಟರು ಎರಡೂ ಕೈ ಎತ್ತಿ ಜೋರಾಗಿ ಚಪ್ಪಾಳೆ ತಟ್ಟಿದರು. ಕಾರಿಡಾರಿನ ನರ್ಸುಗಳೆಲ್ಲ ತಿರುಗಿ ನೋಡಿ, ತಾವೂ ತಟ್ಟಲು ಶುರುಮಾಡಿದರು.