ಮಂಗಳಾರತಿಗೆ ಏಳುವ ಹೊತ್ತು

ಬಲಗೈಯನ್ನು ನೆಲಕ್ಕೆ ಊರಿ ಪರ್ವತಯ್ಯನವರು ಮತ್ತೊಮ್ಮೆ ಏಳಲು ನೋಡಿದರು. ಸೊಂಟ ಒಂದು ಗೇಣು ಮೇಲೆದ್ದಿತು, ತೊಡೆಗಳು ಗಡಗಡ ನಡುಗಿದವು, ಅಭಿಷೇಕದ ನೀರಿನಲ್ಲಿ ಅಂಗೈ ಜಾರಿತು. ದೊಪ್ಪನೆ ಕೂತರು. ಪಕ್ಕದಲ್ಲಿದ್ದ ತಾಮ್ರದ ಚೊಂಬು ಉರುಳಿ ಗೋಡೆಗೆ ಬಡಿಯಿತು.

ಗರ್ಭಗುಡಿಯ ಪರದೆಯ ಆಚೆಯಿಂದ ಹೆಂಡತಿ ಕಮಲಾಕ್ಷಮ್ಮನ ದನಿ ಬಂತು. "ಏನೂಂದ್ರೆ, ಏನಾಯ್ತು?"

"ಏನಿಲ್ಲ. ಅಲಂಕಾರ ನಡೀತಿದೆ."

ಅಲಂಕಾರ ಮುಗಿದು ಬಹಳ ಹೊತ್ತಾಗಿತ್ತು. ಲಿಂಗಕ್ಕೆ ವಿಭೂತಿ ಬಳಿದಾಗಿತ್ತು, ಬಿಲ್ವಪತ್ರೆ ಏರಿಸಿದ್ದಾಗಿತ್ತು, ಕರ್ಪೂರ ತಟ್ಟೆಯಲ್ಲಿ ಕಾಯುತ್ತಿತ್ತು. ಇನ್ನು ಎದ್ದು ನಿಂತು, ಪರದೆ ಸರಿಸಿ, ಮಂಗಳಾರತಿ ಎತ್ತಬೇಕು. ಶಿವನ ಕಡೆಯಿಂದ ಯಾವ ತಕರಾರೂ ಇರಲಿಲ್ಲ. ತಕರಾರೆಲ್ಲ ಪರ್ವತಯ್ಯನವರ ತೊಡೆಗಳದ್ದು.

ಹೊಳವನಹಳ್ಳಿಯಿಂದ ಒಳದಾರಿಯಲ್ಲಿ ಹೋದರೆ ಸಿಗುವ ಈ ಊರಿನ ಈಶ್ವರನಿಗೆ ಪರ್ವತಯ್ಯನವರ ಮನೆತನವೇ ತಲೆತಲಾಂತರದಿಂದ ಪೂಜಾರಿಕೆ ಮಾಡಿಕೊಂಡು ಬಂದಿದೆ. ಹೋದ ವರ್ಷದವರೆಗೂ ಅವರದು ಭಾರೀ ಆಳು. ಅಯ್ನೋರು ಒಳಗೆ ಹೋಗಬೇಕಾದರೆ ಶಿವನೇ ಒಂಚೂರು ಸರಿದು ಜಾಗ ಮಾಡಿಕೊಡಬೇಕು ಎಂದು ಊರವರು ನಗುತ್ತಿದ್ದರು. ಒಂದು ಶಿವರಾತ್ರಿಯಲ್ಲಿ ಪತ್ರೆಯ ಬುಟ್ಟಿ ಹಿಡಿದು ಒಳಗೆ ಹೊರಟವರು ಗರ್ಭಗುಡಿಯ ಕಿರುಬಾಗಿಲಲ್ಲಿ ಸಿಕ್ಕಿಹಾಕಿಕೊಂಡೇಬಿಟ್ಟರು. ಅಣ್ಣನ ಮಗ ಪ್ರಭುದೇವ ಹಿಂದಿನಿಂದ ತಳ್ಳಿ ಒಳಗೆ ಸೇರಿಸಬೇಕಾಯಿತು. ಪ್ರಭುದೇವ ಮಠದಲ್ಲಿ ಓದಿ ಮಂತ್ರ ಕಲಿತವನು, ಕೊರಟಗೆರೆಯ ಜಿಮ್ಮಿಗೆ ಹೋಗಿ ತೋಳು ಬೆಳೆಸಿದವನು. ತಳ್ಳಿದ್ದಕ್ಕಲ್ಲ, ತಳ್ಳಿ ಆದ ಮೇಲೆ ಅವನು ನಕ್ಕನಲ್ಲ, ಅದು ಪರ್ವತಯ್ಯನವರ ಎದೆಗೆ ನಾಟಿತು. ಹಬ್ಬ ಕಳೆದ ಮೇಲೆ ಊರ ಹಿರಿಯರು ಮೆಲ್ಲಗೆ ಮಾತು ತೆಗೆದರು. "ಇನ್ಮೇಲೆ ಪ್ರಭುದೇವಪ್ಪನೇ ಪೂಜೆ ಮಾಡ್ಲಿ ಬುಡಿ ಅಯ್ನೋರೆ. ನೀವು ಈಚೆ ಕುಂತ್ಕಂಡು ಮಂತ್ರ ಹೇಳಿ."

ಗರ್ಭಗುಡಿ ಬಿಟ್ಟು ಈಚೆ ಕೂರುವುದೆಂದರೆ ಪರ್ವತಯ್ಯನವರಿಗೆ ಜೀವ ಹೋದಂತೆಯೇ. ಸಕ್ಕರೆ ಕಾಯಿಲೆಯೂ ಇತ್ತು, ಮಂಡಿಯೂ ಕೂಗುತ್ತಿತ್ತು. ಅವರು ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿ, ಹೊಟ್ಟೆಯ ಚೀಲ ಸಣ್ಣದು ಮಾಡುವ ಆಪರೇಷನ್ ಮಾಡಿಸಿಕೊಂಡರು. ಊರಿಗೆ ಹೇಳಿದ್ದು ಮಾತ್ರ ಶ್ರೀಶೈಲಕ್ಕೆ ಹೋಗುತ್ತೇನೆ ಎಂದು. ಆ ಸುಳ್ಳನ್ನು ಕಮಲಾಕ್ಷಮ್ಮನೂ ಮನಸ್ಸಿಲ್ಲದ ಮನಸ್ಸಿನಿಂದ ಹೇಳಿದಳು.

ಕೆನ್ನೆ ಗುಳಿಬಿದ್ದು, ಪಂಚೆ ಸಡಿಲವಾಗಿ, ಹೆಗಲಿಂದ ಸೊಂಟದವರೆಗೆ ಶಲ್ಯ ಸುತ್ತಿಕೊಂಡು ವಾಪಸು ಬಂದ ಅಯ್ಯನವರನ್ನು ಕಂಡು ಊರು ಏನೂ ಕೇಳಲಿಲ್ಲ. ತಾನೇ ತೀರ್ಮಾನ ಮಾಡಿಕೊಂಡಿತು. ಮದುವೆಮನೆಯ ಪಂಕ್ತಿಯಲ್ಲಿ ಎರಡು ತುತ್ತು ಉಂಡು ಕೈ ತೊಳೆಯುವುದನ್ನು ಕಂಡವರು, ಶ್ರೀಶೈಲದಲ್ಲಿ ಅಯ್ನೋರು ಅನ್ನ ಬಿಟ್ಟರಂತೆ ಎಂದರು. ಪರ್ವತಯ್ಯನವರು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ತಲೆ ತಗ್ಗಿಸಿ ಸಣ್ಣಗೆ ನಕ್ಕರು. ಆ ನಗುವೇ ಸಾಕಾಯಿತು. ಈಗ ಅವರು ಉಪವಾಸದ ಅಯ್ನೋರು. ಸೋಮವಾರ ಬಂತೆಂದರೆ ಮಧುಗಿರಿಯಿಂದ, ಬುಕ್ಕಾಪಟ್ಟಣದ ಕಡೆಯಿಂದ ಜನ ಆಟೋ ಮಾಡಿಕೊಂಡು ಬಂದು ಕಾಲಿಗೆ ಬೀಳುತ್ತಿದ್ದರು. ಮೊದಲು ಹೊಟ್ಟೆ ನೋಡಿ ನಗುತ್ತಿದ್ದವರೇ ಈಗ ಹೊಟ್ಟೆಯಿಲ್ಲದ್ದನ್ನು ನೋಡಿ ಕೈಮುಗಿದರೆ ಯಾರಿಗೆ ತಾನೇ ಹಿಡಿಸುವುದಿಲ್ಲ? ಪರ್ವತಯ್ಯನವರಿಗೂ ಹಿಡಿಸಿತು.

ಡಾಕ್ಟರು ಮೊದಲೇ ಹೇಳಿದ್ದರು. "ತೂಕ ಇಳಿಯುವಾಗ ಕೊಬ್ಬು ಮಾತ್ರ ಇಳಿಯಲ್ಲ ಸ್ವಾಮಿ, ಮಾಂಸಖಂಡಾನೂ ಕರಗುತ್ತೆ. ಊಟದಲ್ಲಿ ಮೊದಲು ಬೇಳೆ, ಕಾಳು, ಮೊಸರು, ಪನೀರು. ಈ ಪ್ರೋಟೀನ್ ಪುಡಿ ಬಿಡಬೇಡಿ. ದಿನಾ ಕುರ್ಚಿಯಿಂದ ಎದ್ದು ಕೂತು ವ್ಯಾಯಾಮ ಮಾಡಿ." ಪುಡಿಯ ಡಬ್ಬದಲ್ಲಿ ಮೊಟ್ಟೆ ಇದೆಯೆಂದು ಪರ್ವತಯ್ಯನವರಿಗೆ ಗುಮಾನಿ. ಕಮಲಾಕ್ಷಮ್ಮ ಹಸಿರು ಚುಕ್ಕೆ ತೋರಿಸಿದರೂ, "ಚುಕ್ಕೆ ಯಾರು ಬೇಕಾದ್ರೂ ಹಾಕ್ತಾರೆ" ಎಂದು ಅಟ್ಟಕ್ಕೆ ಎಸೆದರು. ಇನ್ನು ವ್ಯಾಯಾಮ? ಅನ್ನ ಬಿಟ್ಟ ಮಹಾನುಭಾವರು ಅಂಗಳದಲ್ಲಿ ಬಸ್ಕಿ ಹೊಡೆಯುವುದನ್ನು ಊರು ನೋಡಿದರೆ ಏನಂದುಕೊಂಡೀತು? ಎಳನೀರು, ಎರಡು ಚಮಚ ಗಂಜಿ, ಇಷ್ಟರಲ್ಲೇ ದಿನ ದೂಡಿದರು. ಮೊದಲು ಬಾವಿಯ ಕೊಡ ಭಾರವಾಯಿತು. ಆಮೇಲೆ ಗುಡಿಯ ಮೆಟ್ಟಿಲು ಎತ್ತರವಾದವು. ಎಣ್ಣೆ ಬಾಟಲಿಯ ಮುಚ್ಚಳವೂ ತಿರುಗದೆ ಹೋದ ದಿನ ಕಮಲಾಕ್ಷಮ್ಮ ಕಣ್ಣೀರು ಹಾಕಿದಳು. "ನಿಮ್ಮನ್ನ ಈ ಜನ ಹೊಗಳಿ ಹೊಗಳಿ ಸಾಯಿಸ್ತಾರೆ, ನೋಡ್ತಾ ಇರಿ" ಎಂದಳು.

ಮೈ ಭಾರ ಹೊತ್ತಿದ್ದಾಗ ಏದುಸಿರು ಬಿಡುತ್ತಲಾದರೂ ಎದ್ದು ನಿಲ್ಲುತ್ತಿದ್ದರು. ಭಾರವೆಲ್ಲ ಹೋದ ಮೇಲೆ ಇಂದು, ಇಷ್ಟು ಜನ ಕಾಯುತ್ತಿರುವಾಗ, ಶಿವನ ಮುಂದೆ ನೆಲ ಕಚ್ಚಿ ಕೂತಿದ್ದರು.

ಸುತ್ತ ನೋಡಿದರು. ಗೋಡೆಗಳು ಎಣ್ಣೆಯ ಮಸಿ ಹಿಡಿದು ನುಣ್ಣಗಿದ್ದವು, ಹಿಡಿಯಲು ಒಂದು ಮೊಳೆಯೂ ಇಲ್ಲ. ಪ್ರಭುದೇವನನ್ನು ಕೂಗಿದರೆ ಒಂದೇ ಕೈಯಲ್ಲಿ ಎತ್ತಿ ನಿಲ್ಲಿಸುತ್ತಾನೆ, ಮರುದಿನದಿಂದ ಪೂಜೆ ಅವನದು. ಹೆಂಡತಿಯನ್ನು ಕರೆಯೋಣವೆಂದರೆ ಈ ಹೊಸ್ತಿಲನ್ನು ಹೆಂಗಸು ದಾಟಿದ್ದೇ ಇಲ್ಲ. ಲಿಂಗ ಕಟ್ಟಿಕೊಂಡವರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದು ಪ್ರತಿ ಸೋಮವಾರ ಇದೇ ಹೊಸ್ತಿಲಲ್ಲಿ ನಿಂತು ಉಪದೇಶ ಮಾಡುತ್ತಿದ್ದವರು ಪರ್ವತಯ್ಯನವರೇ, ಆ ಮಾತು ಬೇರೆ. ಉಳಿದದ್ದು ಎದುರಿಗಿದ್ದ ಲಿಂಗ ಒಂದೇ. ಎರಡೂ ಕೈಗಳಿಂದ ಅದನ್ನು ತಬ್ಬಿ ಭಾರ ಹಾಕಿದರೆ ಎದ್ದೇನು ಅನ್ನಿಸಿತು. ಕೈ ಚಾಚಿದರು. ಈಗಷ್ಟೇ ತಾವೇ ಬಳಿದ ವಿಭೂತಿ ಬೆರಳಿಗೆ ಹತ್ತಿತು. ಕೈ ಹಿಂದಕ್ಕೆ ಬಂತು. ಇಷ್ಟು ದಿನ ಸುಳ್ಳಿನ ಭಾರವನ್ನೆಲ್ಲ ಶಿವನ ಮೇಲೆ ಹೊರಿಸಿದ್ದು ಸಾಲದೇ ಎಂದು ನಾಚಿಕೆಯಾಯಿತು.

"ಚಿಕ್ಕಪ್ಪ, ಜನ ಕಾಯ್ತಿದ್ದಾರೆ. ನಾನು ಒಳಗೆ ಬರ್ಲಾ?" ಪ್ರಭುದೇವನ ದನಿ.

"ಬೇಡ! ಅಲ್ಲೇ ಇರು!"

ಕಮಲಾಕ್ಷಮ್ಮ ಪರದೆಗೆ ಬಾಯಿ ಹಚ್ಚಿ ಪಿಸುಗುಟ್ಟಿದಳು. "ಏಳೋಕಾಗ್ತಿಲ್ಲ ಅಲ್ವಾ?"

ಅವರು ಉರುಳಿದ್ದ ಚೊಂಬನ್ನು ಎಳೆದು ನೆಟ್ಟಗೆ ನಿಲ್ಲಿಸಿದರು. ಬಾಯಿ ತೆರೆದಿದ್ದರೆ ಅಳು ಬಂದುಬಿಡುತ್ತಿತ್ತು.

"ನಾನೇ ಬರ್ತೀನಿ. ಏನಾಗುತ್ತೋ ಆಗ್ಲಿ."

"ಬೇಡ ಕಣೇ. ನಾನೇ ಈಚೆ ಬರ್ತೀನಿ."

ಮಂಡಿಯೂರಿ, ಅಂಗೈ ಊರಿ, ಪರ್ವತಯ್ಯನವರು ಅಂಬೆಗಾಲಿಕ್ಕಿದರು. ಒದ್ದೆ ಕಲ್ಲು ಮಂಡಿಯ ಮೂಳೆಗೆ ಒತ್ತಿ ನೋಯುತ್ತಿತ್ತು, ಮೊದಲಿನ ಹಾಗೆ ಅಲ್ಲಿ ಮಾಂಸವಾದರೂ ಎಲ್ಲಿತ್ತು? ಹೊಸ್ತಿಲವರೆಗಿನ ಆ ಚೂರು ನೆಲ ಹರದಾರಿ ದೂರವಾಯಿತು. ಹೇಗೂ ಬಾಗಿಲವಾಡ ಹಿಡಿದು ಎದ್ದರಾಯಿತು, ಯಾರಿಗೂ ಕಾಣುವುದಿಲ್ಲ ಎಂದುಕೊಂಡಿದ್ದರು. ಆದರೆ ಹೊಸ್ತಿಲಿಗೆ ಕೈಯಿಡುವಾಗ ತೋಳು ಸೋತು ಮುಗ್ಗರಿಸಿದರು. ತಲೆ ಪರದೆಯನ್ನು ತಳ್ಳಿಕೊಂಡು ಆಚೆ ಬಂತು.

ನವರಂಗದ ತುಂಬ ಕೂತಿದ್ದ ಜನ ಒಮ್ಮೆಲೇ ಎದ್ದು ನಿಂತರು. ಉಪವಾಸದ ಅಯ್ಯನವರು ಹಸುಗೂಸಿನ ಹಾಗೆ ನಾಲ್ಕು ಕಾಲಲ್ಲಿ ಹೊಸ್ತಿಲಲ್ಲಿದ್ದರು. ನಗುತ್ತಾರೆ, ಈಗ ನಗುತ್ತಾರೆ ಎಂದು ಪರ್ವತಯ್ಯನವರು ಕಣ್ಣು ಮುಚ್ಚಿದರು.

ಯಾರೂ ನಗಲಿಲ್ಲ. "ಅಯ್ನೋರ ಮೈಮೇಲೆ ಸ್ವಾಮಿ ಬಂದವ್ನೆ!" ಎಂದು ಯಾರೋ ಕೂಗಿದರು. "ಹರಹರ ಮಹಾದೇವ" ಎಂಬ ಘೋಷ ಕಲ್ಲಿನ ಚಾವಣಿಗೆ ಮುಟ್ಟಿತು. ಬಿಡಿಸಿಕೊಳ್ಳೋಣವೆಂದರೆ ಸುಳ್ಳಿನ ಬಲೆ ಇನ್ನಷ್ಟು ಬಿಗಿಯಾಯಿತು. ಎಲ್ಲರಿಗಿಂತ ಮುಂದೆ ಬಂದು ಅವರೆದುರು ನೆಲಕ್ಕೆ ಕುಸಿದವಳು ಗಂಗಲಕ್ಷ್ಮಮ್ಮ. ಕೊಡಿಗೇನಹಳ್ಳಿ ಕಡೆಯ ಈ ದಪ್ಪನೆಯ ಹೆಂಗಸು ಸೋಮವಾರ ತಪ್ಪಿಸದೆ ಬರುವವಳು. ಹತ್ತಿರದಿಂದ ನೋಡಿದರೆ ಅವಳ ಮುಖ ಬಿಳಿಚಿಕೊಂಡಿತ್ತು, ತುಟಿ ಒಡೆದಿತ್ತು.

"ಅಯ್ನೋರೆ, ನಾನೂ ನಿಮ್ಮಂಗೇ ಹಿಟ್ಟು, ಅನ್ನ ಎಲ್ಲ ಬುಟ್ಬುಟ್ಟಿದೀನಿ. ಸುಗರ್ ಮಾತ್ರೆ ಒಂದು ನುಂಗ್ತೀನಿ, ನೀರು ಕುಡಿತೀನಿ, ಅಷ್ಟೇಯ. ಮೊನ್ನೆ ಕೊಟ್ಟಿಗೇಲಿ ಕಣ್ಕತ್ಲೆ ಬಂದು ಬಿದ್ಬುಟ್ಟೆ. ಮಕ್ಳು ಬೈತಾರೆ, ನಾನು ಕೇಳಲ್ಲ. ಅಯ್ನೋರು ತಡ್ಕಂಡವ್ರೆ, ನಂಗೇನು ಧಾಡಿ ಅಂತೀನಿ. ಆಸೀರ್ವಾದ ಮಾಡಿ."

ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಏಕಾಏಕಿ ಕುಸಿದು ಜೀವಕ್ಕೇ ಕುತ್ತು ಎಂದು ಆಸ್ಪತ್ರೆಯಲ್ಲಿ ಪರ್ವತಯ್ಯನವರಿಗೆ ಚೆನ್ನಾಗಿ ತಿಳಿಸಿ ಹೇಳಿದ್ದರು. ಸುಮ್ಮನೆ ಅವಳ ತಲೆಯ ಮೇಲೆ ಕೈಯಿಟ್ಟರೆ ಎಲ್ಲ ಮುಗಿಯುತ್ತಿತ್ತು. ಜನ ಅದಕ್ಕೇ ಕಾಯುತ್ತಿದ್ದರು.

"ಅನ್ನ ಬಿಡಬೇಡಮ್ಮ" ಎಂದರು. "ಸತ್ತು ಹೋಗ್ತೀಯ. ನಾನು ಉಪವಾಸ ಮಾಡಿದವನಲ್ಲ. ಶ್ರೀಶೈಲಕ್ಕೂ ಹೋಗಿಲ್ಲ. ಬೆಂಗಳೂರಲ್ಲಿ ಹೊಟ್ಟೆ ಆಪರೇಷನ್ ಮಾಡಿಸ್ಕೊಂಡೆ."

ಗಂಗಲಕ್ಷ್ಮಮ್ಮ ತಲೆಯೆತ್ತಿ ನಕ್ಕಳು. "ನನ್ನ ಪರೀಕ್ಸೆ ಮಾಡ್ತಿದೀರ ಬುದ್ಧಿ. ನಾನು ಬುಡಕಿಲ್ಲ."

ಪರ್ವತಯ್ಯನವರು ಕಷ್ಟಪಟ್ಟು ಹೊಸ್ತಿಲ ಒಳಗೇ ಕುಂಡಿಯೂರಿ ಕೂತರು. ಆಪರೇಷನ್ ಆದಂದಿನಿಂದ ಯಾರೆದುರೂ ತೆಗೆಯದಿದ್ದ ಶಲ್ಯವನ್ನು ಎಳೆದು ಹಾಕಿದರು. ಜೋತುಬಿದ್ದ ಚರ್ಮದ ಮೇಲೆ ಅಲ್ಲಲ್ಲಿ ಪುಟ್ಟ ಪುಟ್ಟ ಗಾಯದ ಕಲೆಗಳಿದ್ದವು. ತೋಳುಗಳು ಒಣಕಡ್ಡಿಯಾಗಿದ್ದವು.

"ಇವು ದೇವರು ಕೊಟ್ಟ ಗುರುತಲ್ಲ ಕಣಮ್ಮ, ಡಾಕ್ಟರು ಕುಯ್ದಿದ್ದು. ನನ್ನ ಮೈಮೇಲೆ ಯಾವ ಸ್ವಾಮಿನೂ ಬಂದಿಲ್ಲ. ಏಳೋಕೆ ಶಕ್ತಿಯಿಲ್ಲ, ಅದಕ್ಕೆ ತೆವಳಿಕೊಂಡು ಬಂದೆ. ಮನೆಗೆ ಹೋಗಿ ಮೊದಲು ಊಟ ಮಾಡು. ಡಾಕ್ಟರಿಗೆ ತೋರಿಸು."

ಗಂಗಲಕ್ಷ್ಮಮ್ಮ ಆ ಕಲೆಗಳನ್ನೇ ನೋಡುತ್ತಿದ್ದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು. ಪರ್ವತಯ್ಯನವರು ಪ್ರಭುದೇವನತ್ತ ನೋಡಿದರು. ಶಿವರಾತ್ರಿಯ ನಗುವನ್ನು ಅವನ ಮುಖದಲ್ಲಿ ಹುಡುಕಿದರು. ಅವನು ನೆಲ ನೋಡುತ್ತಿದ್ದ.

ಕಮಲಾಕ್ಷಮ್ಮ ಹೊಸ್ತಿಲ ಹೊರಗೇ ನಿಂತು ಕೈ ಚಾಚಿದಳು. ಮದುವೆಯಾದಂದಿನಿಂದ ಅವಳು ಅಲ್ಲೇ ನಿಂತು ಹಾಗೆಯೇ ಅಂಗೈ ಒಡ್ಡುತ್ತಿದ್ದಳು, ಅವರು ಉದ್ಧರಣೆಯಿಂದ ತೀರ್ಥ ಹಾಕುತ್ತಿದ್ದರು. ಇಂದು ಆ ಅಂಗೈಯನ್ನು ಹಿಡಿದುಕೊಂಡರು. ಹೂ ಕಟ್ಟಿದ ಕೈ ತಣ್ಣಗೆ, ಗಟ್ಟಿಯಾಗಿತ್ತು. ಅವಳು ಎಳೆದಳು, ಅವರು ಎದ್ದರು. ಪ್ರಭುದೇವ ಒಳಗೆ ಹೋಗಿ ಮಂಗಳಾರತಿ ಮಾಡಿದ.

ಅಂದಿನಿಂದ ಪೂಜೆ ಅವನದೇ ಆಯಿತು. ಆಟೋಗಳು ಬರುವುದು ನಿಂತಿತು. ಕೆಲವು ದಿನ ಪರ್ವತಯ್ಯನವರು ಮನೆಯ ಹೊರಗೆ ಮುಖ ಹಾಕಲಿಲ್ಲ, ಗೋಡೆಯ ಕಡೆ ತಿರುಗಿ ಮಲಗಿದರು. ಗುಡಿಯ ಗಂಟೆ ಕೇಳಿದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಮಲಾಕ್ಷಮ್ಮ ಅಟ್ಟದಿಂದ ಡಬ್ಬ ಇಳಿಸಿ ದೂಳು ಒರೆಸಿ, ಪುಡಿಯನ್ನು ಮಜ್ಜಿಗೆಗೆ ಕಲಸಿ ಕೊಟ್ಟಳು. ಮೂಗು ಮುಚ್ಚಿಕೊಂಡು ಕುಡಿದರು. ಮೊಳಕೆ ಹೆಸರುಕಾಳು ಬೇಯಿಸಿ ಕೊಟ್ಟರೆ ಒಂದೊಂದೇ ಕಾಳು ಅಗಿದರು. ಒಂದು ಬೆಳಿಗ್ಗೆ ಅವಳೇ ಎಳೆದು ತಂದು ಮನೆಯ ಜಗಲಿಯ ಮೇಲೆ ಕೂರಿಸಿದಳು.

"ಏಳಿ."

"ಜನ ನೋಡ್ತಾರೆ ಕಣೇ."

"ನೋಡೋಕೆ ಇನ್ನೇನು ಬಾಕಿ ಇದೆ ನಿಮ್ಮಲ್ಲಿ? ಏಳಿ."

ಎದ್ದರು, ಕೂತರು. ದಾರಿಹೋಕರು "ಏನಯ್ನೋರೆ, ಇಸ್ಕೂಲಲ್ಲಿ ಮೇಷ್ಟ್ರು ಸಿಕ್ಷೆ ಕೊಟ್ರಾ?" ಎಂದು ನಕ್ಕರು. ಆ ನಗು ಚುಚ್ಚಿತು, ಆದರೂ ಜನ ಕೈಮುಗಿಯುವುದಕ್ಕಿಂತ ಹಗುರವಾಗಿತ್ತು. ಒಮ್ಮೆ ಪ್ರಭುದೇವ ಸೈಕಲ್ಲು ನಿಲ್ಲಿಸಿ ನೋಡಿದ. "ಚಿಕ್ಕಪ್ಪ, ಮಂಡಿ ಒಳಗಡೆ ವಾಲ್ತಿದೆ, ಸ್ವಲ್ಪ ಹೊರಗಿಡಿ" ಎಂದು ಹೇಳಿ ಹೋದ. ಮರುದಿನ ಮತ್ತೆ ನಿಲ್ಲಿಸಿದ. ಶ್ರಾವಣ ಕಳೆದ ಮೇಲೆ ಗಂಗಲಕ್ಷ್ಮಮ್ಮ ಬಂದಳು. ಮುಖಕ್ಕೆ ಕಳೆ ಬಂದಿತ್ತು. ಹುರುಳಿಕಾಳಿನ ಗಂಟನ್ನು ಜಗಲಿಯ ಮೇಲೆ ಕುಕ್ಕಿ, "ಸುಳ್ಳು ಹೇಳಿ ನನ್ನ ಸಾಯಿಸ್ತಿದ್ರಲ್ಲ ಅಯ್ನೋರೆ. ತಗಳಿ, ಕಟ್ಟು ಮಾಡಿಸ್ಕಂಡು ಕುಡೀರಿ" ಎಂದಳು. ಕಾಲಿಗೆ ಬೀಳಲಿಲ್ಲ.

ಕಾರ್ತಿಕದ ಸೋಮವಾರ ಪರ್ವತಯ್ಯನವರು ಗುಡಿಗೆ ಹೋದರು. ನವರಂಗದ ನೆಲದ ಮೇಲೆ, ಎಲ್ಲರ ನಡುವೆ, ಕಮಲಾಕ್ಷಮ್ಮನ ಪಕ್ಕದಲ್ಲಿ ಕಾಲು ಮಡಿಸಿ ಕೂತರು. ಒಳಗಿನ ಮಂತ್ರಕ್ಕೆ ಅವರ ತುಟಿ ತಾನಾಗಿ ಆಡುತ್ತಿತ್ತು. ಪರದೆ ಸರಿಯಿತು, ಗಂಟೆ ಮೊಳಗಿತು, ಎಲ್ಲರೂ ಎದ್ದರು.

ಅವರೊಬ್ಬರೇ ನೆಲದಲ್ಲಿ ಉಳಿದರು. ಕಮಲಾಕ್ಷಮ್ಮನ ಕೈ ಕೆಳಗೆ ಬಂತು. ಪರ್ವತಯ್ಯನವರು ಬೇಡವೆಂದು ತಲೆಯಾಡಿಸಿದರು. ಒಂದು ಮಂಡಿ ಊರಿದರು. ಇನ್ನೊಂದು ಪಾದ ಮುಂದಿಟ್ಟು, ತೊಡೆಯ ಮೇಲೆ ಅಂಗೈ ಒತ್ತಿದರು. ತೊಡೆ ನಡುಗಿತು, ನಿಂತಿತು, ಮತ್ತೆ ನಡುಗಿತು. ಗಂಟೆ ನಿಂತುಹೋಯಿತು. ಆರತಿ ಮುಗಿದೇಹೋಯಿತೇನೋ ಎಂದುಕೊಂಡು ಅವರು ನಿಧಾನಕ್ಕೆ ಬೆನ್ನು ನೆಟ್ಟಗೆ ಮಾಡಿ ತಲೆಯೆತ್ತಿದರು.

ಹೊಸ್ತಿಲ ಒಳಗೆ ಪ್ರಭುದೇವ ಆರತಿ ತಡೆದು, ತಟ್ಟೆ ಹಿಡಿದು ಅವರನ್ನೇ ನೋಡುತ್ತ ನಿಂತಿದ್ದ. ಉರಿಯುತ್ತಿದ್ದ ಕರ್ಪೂರದ ಪಕ್ಕದಲ್ಲಿ ಇನ್ನೊಂದು ಬಿಲ್ಲೆ ಇಟ್ಟ.