ಫಿನಿಷಿಂಗ್ ಬಾಕಿ ಇದೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರಿನೊಳಗೆ ಫಿಲ್ಮ್ ಅಂಟಿಸುತ್ತಿರುವಾಗ ಯಾರಾದರೂ ತಲೆ ತೂರಿಸಿ, "ಅಲ್ಲೊಂದು ಗುಳ್ಳೆ ಇದೆ ನೋಡಿ" ಎಂದರೆ, "ತಗೊಳ್ಳಿ, ನೀವೇ ಅಂಟಿಸಿ" ಎಂದು ಕೆಲಸ ಅಲ್ಲೇ ಬಿಟ್ಟು ಎದ್ದು ನಿಂತಿದ್ದೇನೆ. ಆದರೂ ಕೋಣನಕುಂಟೆಯಿಂದ ಜಯನಗರದವರೆಗೆ ಹೊಸ ಕಾರು ತಂದವರು ಇಂದ್ರಾಣಿಯನ್ನೇ ಕರೆಸಿ ಎನ್ನುತ್ತಾರೆ. ಈಗಿನ ಕಾರುಗಳ ಒಳಗೆ ಎಲ್ಲಿ ನೋಡಿದರೂ ಸ್ಕ್ರೀನು, ಮಿಕ್ಕ ಕಡೆಯೆಲ್ಲ ಕನ್ನಡಿಯಂಥ ಕರಿ ಪ್ಲಾಸ್ಟಿಕ್ಕು. ಬೆರಳಿಟ್ಟರೆ ಗುರುತು, ಒರೆಸಿದರೆ ಗೀರು. ಅದರ ಮೇಲೆ ಕಣ್ಣಿಗೆ ಕಾಣದ ಹಾಗೆ ಫಿಲ್ಮ್ ಹೊದಿಸುವುದು ನನ್ನ ಕೆಲಸ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಜರಗನಹಳ್ಳಿಯ ಕೆಂಪರಾಜು ಮನೆಗೆ ಹೋದೆ. ಹಳೇ ಊರಿನ ಮನೆತನ. ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮೊಮ್ಮಗನ ಮೂರು ಬಾಡಿಗೆ ಕಟ್ಟಡ ನಿಂತಿವೆ. ಕಾರು ಬಂದು ನಾಲ್ಕು ದಿನವಾಗಿತ್ತು, ಹೆಂಡತಿ ಚೈತ್ರಳಿಗೆ ಎಂಟು ತಿಂಗಳು ತುಂಬಿತ್ತು.

"ಪಾಪು ಬರೋಷ್ಟ್ರಲ್ಲಿ ಎಲ್ಲಾ ಕವರ್ ಆಗ್ಬಿಡ್ಲಿ ಅಕ್ಕ. ಆಮೇಲೆ ಬಿಸ್ಕತ್ತು, ಹಾಲು, ಕೈ ಗುರುತು, ಗೊತ್ತಲ್ಲ" ಎಂದು ಕೆಂಪರಾಜು ನಕ್ಕ. ಒಳ್ಳೆಯ ಹುಡುಗ. ತಲೆ ತೂರಿಸಲಿಲ್ಲ.

ಚೈತ್ರ ಮಜ್ಜಿಗೆ ತಂದುಕೊಟ್ಟು ಅಲ್ಲೇ ಪೋರ್ಟಿಕೋದಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನನ್ನ ಫೋನ್ ಬಾನೆಟ್ ಮೇಲಿತ್ತು. ಅದರ ಮೇಲಿದ್ದ ಫೋಟೋ ನೋಡಿ, "ನಿಮ್ ಮಗಳಾ? ತುಟಿ ಮೇಲೆ ಏನಕ್ಕ ಅದು?" ಎಂದಳು.

"ಮೈತ್ರಿ ಅಂತ. ಹುಟ್ಟುವಾಗ ತುಟಿ ಸೀಳಿತ್ತು, ಆಪರೇಷನ್ ಮಾಡ್ಸಿದ್ವಿ. ಈಗ ನಾಲ್ಕನೇ ಕ್ಲಾಸು, ಬಾಯಿ ಮುಚ್ಸೋಕೇ ಆಗಲ್ಲ."

ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. "ಗ್ರಹಣದಲ್ಲಿ ಏನಾದ್ರೂ ಕುಯ್ದಿದ್ರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಓದಿರೋಳು ನೀನು, ಹಿಂಗಾ ಕೇಳೋದು? ತುಟಿ ಮೂರನೇ ತಿಂಗಳೊಳಗೇ ಕೂಡ್ಕೊಂಡಿರುತ್ತೆ ಅಂತ ಡಾಕ್ಟರೇ ಹೇಳಿದ್ದಾರೆ. ಗ್ರಹಣಕ್ಕೂ ಅದಕ್ಕೂ ಸಂಬಂಧ ಇಲ್ಲ" ಎಂದೆ. ಪಾಪ, ಅವಳು ಸಾರಿ ಎಂದಳು.

ಅವಳಿಗೆ ಹೇಳದೆ ಉಳಿಸಿಕೊಂಡದ್ದು ಇಷ್ಟು. ಮೈತ್ರಿ ಹೊಟ್ಟೆಯಲ್ಲಿದ್ದಾಗ ನಾನು ಜಯನಗರ ನಾಲ್ಕನೇ ಬ್ಲಾಕಿನ ಒಂದು ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಕತ್ತರಿಸುತ್ತಿದ್ದೆ. ಆಗ ನನಗೆ ಎರಡೂವರೆ ತಿಂಗಳು. ಗ್ರಹಣದ ದಿನ ರಜೆ ಹಾಕು ಎಂದು ಅತ್ತೆ ಹೇಳಿದ್ದರು, ನಾನು ಹಾಕಲಿಲ್ಲ. ಮಗು ಹುಟ್ಟಿದ ದಿನ ಅತ್ತೆ ಅದರ ಮುಖ ನೋಡಿ, ನನ್ನ ಮುಖ ನೋಡಿ, ಹೊರಗೆ ಹೋದರು. ಅವತ್ತಿನಿಂದ ಡಾಕ್ಟರ ಮಾತನ್ನು ಕೇಳಿದವರಿಗೆಲ್ಲ ಒಪ್ಪಿಸುತ್ತಾ ಬಂದಿದ್ದೇನೆ. ನನಗೆ ನಾನೇ ಒಪ್ಪಿಸಿಕೊಳ್ಳಲು ಮಾತ್ರ ಇನ್ನೂ ಆಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೂರು ಸ್ಕ್ರೀನೂ ಮುಗಿದವು. ಉಳಿದದ್ದು ಡ್ರೈವರ್ ಪಕ್ಕದ ಸೀಟಿನ ಎದುರಿನ ಉದ್ದನೆಯ ಕರಿ ಪಟ್ಟಿ. ಅದೇ ಪಟ್ಟಿಯ ನಡುವೆ ಏರ್‌ಬ್ಯಾಗಿನ ಮುಚ್ಚಳ ಇರುತ್ತದೆ, ಸುತ್ತಲೂ ದಾರದಷ್ಟು ಸಣ್ಣ ಗೀಟು. ಡಿಕ್ಕಿಯಾದರೆ ಆ ಗೀಟಿನಲ್ಲಿ ಮುಚ್ಚಳ ಬಿಚ್ಚಿಕೊಂಡು ಚೀಲ ಉಬ್ಬಬೇಕು. ಫಿಲ್ಮೋ, ಎಳೆದರೆ ಹರಿಯದ ವಸ್ತು. ಗೀಟಿನ ಮೇಲೆ ಹಾಗೇ ಬಿಟ್ಟರೆ ಚೀಲ ತಡವಾಗಬಹುದು, ಅಡ್ಡ ತಿರುಗಬಹುದು, ಮುಚ್ಚಳವೇ ಕಿತ್ತು ಎದುರಿಗೆ ಕೂತವರ ಮುಖಕ್ಕೆ ಬರಬಹುದು. ಹಾಗಾಗಿ ನಾನು ಇಡೀ ಪಟ್ಟಿಗೆ ಒಂದೇ ತುಂಡು ಹಾಕಿ, ಅಂಚುಗಳನ್ನು ಸಂದಿಯೊಳಗೆ ಮಡಚಿ, ಬಿಸಿ ಗಾಳಿ ಕೊಟ್ಟು ಕೂರಿಸಿ, ಕೊನೆಗೆ ಬ್ಲೇಡಿನಿಂದ ಆ ಗೀಟಿನ ಗುಂಟ ಕುಯ್ದು ಬಿಡಿಸುತ್ತೇನೆ. ಕುಯ್ಯುವುದು ಯಾವತ್ತೂ ಕೊನೆಯ ಕೆಲಸ.

ಬ್ಲೇಡ್ ತೆಗೆದು ಬಗ್ಗಿದ್ದೆ. ಹಿಂದಿನಿಂದ ಕೂಗು ಬಂತು.

"ಏಯ್ ಏಯ್! ಕೆಳಗಿಡಮ್ಮ ಅದನ್ನ!"

ಕೆಂಪರಾಜುವಿನ ತಾಯಿ ಮರಿಯಮ್ಮ, ಕೈಯಲ್ಲಿ ಗೋಡೆಯಿಂದ ಕಿತ್ತ ಕ್ಯಾಲೆಂಡರ್ ಹಿಡಿದೇ ಬಂದಿದ್ದರು. "ಮೂರು ಇಪ್ಪತ್ತಕ್ಕೆ ಗ್ರಹಣ ಹಿಡೀತು. ಆರು ಮುಕ್ಕಾಲಿಗೆ ಬಿಡೋದು. ಮನೇಲಿ ಬಸುರಿ ಇಟ್ಕೊಂಡು ಬ್ಲೇಡ್ ಆಡಿಸ್ತಾರಾ? ಮಗು ತುಟಿ ಏನಾಗ್ಬೇಕು?"

"ಅಮ್ಮಾ, ಐದೇ ನಿಮಿಷ. ಈ ಗೀಟು ಕುಯ್ದಿಲ್ಲ ಅಂದ್ರೆ, ಎಲ್ಲಾದ್ರೂ ಆಕ್ಸಿಡೆಂಟ್ ಆದಾಗ..."

"ಬಿಡ್ತು ಅನ್ನು! ಹೊಸಾ ಗಾಡಿ ಮುಂದೆ ನಿಂತ್ಕೊಂಡು ಎಂಥಾ ಮಾತಾಡ್ತೀಯೇ? ಬಿಡ್ತು ಅನ್ನು ಮೊದ್ಲು!"

"ಬಿಡ್ತು" ಎಂದೆ.

ಬೇರೆ ದಿನವಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಆದರೆ ಕಿಟಕಿಯ ಪರದೆ ಸ್ವಲ್ಪ ಸರಿದಿತ್ತು. ಚೈತ್ರಳನ್ನು ಆಗಲೇ ಒಳಗೆ ಕೂರಿಸಿದ್ದರು. ಅವಳು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನನ್ನ ಬ್ಲೇಡನ್ನೇ ನೋಡುತ್ತಿದ್ದಳು. ನನ್ನ ಹೆಬ್ಬೆರಳು ಬ್ಲೇಡನ್ನು ಒಳಗೆಳೆದುಕೊಂಡಿತು. ಮರಿಯಮ್ಮನಿಗೆ ಹೆದರಿ ಅಲ್ಲ. ಗ್ರಹಣಕ್ಕೆ ಹೆದರಿದ್ದು ನಾನೇ.

ಕೆಂಪರಾಜು ಬಂದು ಕೇಳಿದ, "ಇನ್ನೇನಾದ್ರೂ ಇದೆಯಾ ಅಕ್ಕ?"

ಏರ್‌ಬ್ಯಾಗ್ ಎನ್ನಬೇಕಿತ್ತು. ಆ ಮಾತು ಎತ್ತಿದರೆ ಡಿಕ್ಕಿ ಎನ್ನಬೇಕು, ಡಿಕ್ಕಿ ಎಂದರೆ ಮತ್ತೆ ಮರಿಯಮ್ಮ ಬಿಡ್ತು ಅನ್ನು ಎಂದು ಕುಣಿಯಬೇಕು. "ಸ್ವಲ್ಪ ಫಿನಿಷಿಂಗ್ ಬಾಕಿ ಇದೆ. ಬೆಳಿಗ್ಗೆ ಎಂಟಕ್ಕೆ ಬಂದು ಮುಗಿಸ್ತೀನಿ. ಅಲ್ಲೀತನಕ ಗಾಡಿ ತೆಗೀಬೇಡಿ" ಎಂದೆ. ನಮ್ಮ ಕೆಲಸದಲ್ಲಿ ಫಿನಿಷಿಂಗ್ ಎಂದರೆ ಮೂಲೆ ಒರೆಸುವುದು, ಸ್ಟಿಕ್ಕರ್ ಕೀಳುವುದು. ಅವನೂ ಅದನ್ನೇ ಅಂದುಕೊಂಡ.

"ಗ್ರಹಣದ ದಿನ ಯಾರು ತೆಗೀತಾರೆ ಬಿಡಿ" ಎಂದ.

ಮನೆಗೆ ಬಂದವಳು ಮೈತ್ರಿಗೆ ದೋಸೆ ಹಾಕಿಕೊಟ್ಟೆ. ಮೊದಲನೆಯದು ಹೊತ್ತಿತು, ಎರಡನೆಯದೂ ಹೊತ್ತಿತು. "ಅಮ್ಮಾ, ಎಲ್ಲಿದ್ದೀಯಾ?" ಎಂದು ಅವಳು ರೇಗಿಸಿದಳು. ತಲೆಯಲ್ಲಿ ಆ ಗೀಟು ಕೂತುಬಿಟ್ಟಿತ್ತು. ಎಂಟು ವರ್ಷದ ಕಾರಿನ ಕೆಲಸದಲ್ಲಿ ಏರ್‌ಬ್ಯಾಗನ್ನು ಹಾಗೆ ಮುಚ್ಚಿ ಬಂದದ್ದು ಇದೇ ಮೊದಲು. ಥೂ ನಿನ್ನ, ಇಂದ್ರಾಣಿ, ಎಂದು ನನಗೇ ಬೈದುಕೊಂಡು ಆರು ಗಂಟೆಗೆ ಕೆಂಪರಾಜುಗೆ ಫೋನ್ ಮಾಡಿದೆ. ಗಾಡಿ ಮನೆಯಲ್ಲೇ ಇದೆ ಎಂದು ಅವನ ಬಾಯಲ್ಲಿ ಕೇಳಿದರೆ ಸಾಕಿತ್ತು.

ಫೋನ್ ಎತ್ತಿದಾಗ ಹಾರನ್ ಸದ್ದು ಕೇಳಿಸಿತು.

"ಅಕ್ಕ, ಡ್ರೈವಿಂಗಲ್ಲಿದ್ದೀನಿ. ಚೈತ್ರಂಗೆ ನೋವು ಶುರುವಾಯ್ತು, ಸ್ವಲ್ಪ ಬ್ಲೀಡಿಂಗೂ ಇದೆ. ಜಯನಗರ ಒಂಬತ್ತನೇ ಬ್ಲಾಕ್ ಆಸ್ಪತ್ರೆಗೆ ಹೋಗ್ತಿದೀವಿ."

"ಅವಳೆಲ್ಲಿ ಕೂತಿದ್ದಾಳೆ?"

"ಮುಂದೇನೇ. ಹಿಂದೆ ಕೂತ್ರೆ ವಾಂತಿ ಅವಳಿಗೆ. ಸೀಟ್ ಮಲಗಿಸಿದ್ದೀನಿ."

"ಹಿಂದಕ್ಕೆ ಕೂರ್ಸು ಕೆಂಪರಾಜು! ಆ ಫಿಲ್ಮ್ ಕುಯ್ದಿಲ್ಲ ನಾನು. ಗಾಡಿ ಎಲ್ಲಾದ್ರೂ ಗುದ್ದಿದ್ರೆ ಏರ್‌ಬ್ಯಾಗ್..."

ಫೋನ್ ಕಾರಿನ ಸ್ಪೀಕರಿನಲ್ಲಿತ್ತು. "ಬಿಡ್ತು ಅನ್ನೇ ಮುಂಡೇದೇ!" ಎಂದು ಮರಿಯಮ್ಮ ಕಿರುಚಿದ್ದು ಕೇಳಿಸಿತು. ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ.

ಸಾಮಾನಿನ ಬ್ಯಾಗ್ ಎತ್ತಿಕೊಳ್ಳುವಷ್ಟೂ ಪುರುಸೊತ್ತಿರಲಿಲ್ಲ. ಬ್ಲೇಡ್ ಒಂದು ಮಾತ್ರ ಇನ್ನೂ ಬಿಚ್ಚಿರದ ಏಪ್ರನ್ ಜೇಬಿನಲ್ಲೇ ಇತ್ತು. ಮೈತ್ರಿಯನ್ನು ಪಕ್ಕದ ಮನೆಗೆ ಕಳಿಸಿ ಸ್ಕೂಟರ್ ಹತ್ತಿದೆ. ಕನಕಪುರ ರಸ್ತೆಯಲ್ಲಿ ಮೆಟ್ರೋ ಕಂಬಗಳ ಪಕ್ಕ, ಬಸ್ಸುಗಳ ಸಂದಿಯಲ್ಲಿ, ಒಂದೆರಡು ಕಡೆ ಫುಟ್‌ಪಾತ್ ಮೇಲೂ ಓಡಿಸಿದೆ. ಬೈದವರ ಕಡೆ ತಿರುಗಿಯೂ ನೋಡಲಿಲ್ಲ. ಮೂರು ಸಲ ಯಾರೋ ಗಕ್ಕನೆ ಬ್ರೇಕ್ ಹಾಕಿದ ಸದ್ದು ಕೇಳಿ, ಆ ಕಾರೇ ಇರಬೇಕೆಂದು ಕತ್ತು ಚಾಚಿದೆ. ಸಾರಕ್ಕಿ ಸಿಗ್ನಲ್ಲಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದವು. ಅಲ್ಲಿ ಸಿಕ್ಕಿತು ಆ ಕಾರು. ಎಲ್ಲ ಕಿಟಕಿಗೂ ಒಳಗಿನಿಂದ ಬೆಡ್‌ಶೀಟ್ ಕಟ್ಟಿದ್ದರು.

ಸ್ಕೂಟರನ್ನು ಕಂಬಕ್ಕೆ ಒರಗಿಸಿ ಎಡಗಡೆ ಬಾಗಿಲು ಬಡಿದೆ. ಕೆಂಪರಾಜು ಲಾಕ್ ತೆಗೆದ. ಚೈತ್ರ ಒರಗಿಕೊಂಡಿದ್ದಳು, ತಲೆಯ ಮೇಲಿಂದ ಹೊದಿಕೆ, ಹಣೆಯ ತುಂಬ ಬೆವರು.

"ಇಳಿ ತಾಯಿ, ಹಿಂದೆ ಕೂತ್ಕೋ. ನಾನು ಹಿಡ್ಕೊಂಡಿರ್ತೀನಿ."

ಹಿಂದಿನ ಸೀಟಿನಿಂದ ಮರಿಯಮ್ಮ ಕೈ ಅಡ್ಡ ಹಾಕಿದರು. "ಗ್ರಹಣ ಇನ್ನೂ ಬಿಟ್ಟಿಲ್ಲ. ಬಸುರೀನ ಆಕಾಶದ ಕೆಳಗೆ ಇಳಿಸ್ತೀಯಾ?"

"ಆಕಾಶ ಎಲ್ಲಿದೆ ಅಮ್ಮಾ? ತಲೆ ಮೇಲೆ ಮೆಟ್ರೋ ಇದೆ, ನೋಡಿ!"

"ಅವಳು ಇಳಿಯಲ್ಲ."

ಕೆಂಪರಾಜು ಸ್ಟೀರಿಂಗ್ ಹಿಡಿದು, "ಅಮ್ಮಾ, ಅಕ್ಕ, ಸುಮ್ನಿರಿ ಇಬ್ರೂ" ಎಂದು ಅಳುವ ದನಿಯಲ್ಲಿ ಹೇಳಿದ. ನಾನು ಚೈತ್ರಳ ಮೇಲಿಂದ ಬಗ್ಗಿ ಫಿಲ್ಮಿನ ಅಂಚಿಗೆ ಉಗುರು ಹಾಕಿದೆ. ಬ್ಲೇಡಿಲ್ಲದೆ ಕಿತ್ತರೆ ಯಾರಿಗೂ ತಕರಾರಿರಲಾರದು. ಅಂಚು ಸಿಗಬೇಕಲ್ಲ! ನಾನೇ ಮಡಚಿ ಸಂದಿಯೊಳಗೆ ತೂರಿಸಿ ಬಿಸಿ ಕೊಟ್ಟು ಕೂರಿಸಿದ್ದೆ. ಹೆಬ್ಬೆರಳಿನ ಉಗುರು ಮುರಿದು ರಕ್ತ ಬಂತು, ಫಿಲ್ಮ್ ಒಂದಿಷ್ಟೂ ಏಳಲಿಲ್ಲ. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು, ಹಾಳಾಗಿ ಹೋಗಲಿ.

ಬ್ಲೇಡ್ ತೆಗೆದೆ.

ಮರಿಯಮ್ಮ ಕೂಗಿಕೊಂಡರು. ಅದು ನನಗೆ ಲೆಕ್ಕಕ್ಕಿರಲಿಲ್ಲ. ಆದರೆ ಚೈತ್ರ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ನೋವಿನಲ್ಲೂ ಹಿಡಿತ ಗಟ್ಟಿಯಾಗಿತ್ತು.

"ಅಕ್ಕ, ಕುಯ್ದಿಲ್ಲ ಅಂದ್ರೆ ಏನಾಗುತ್ತೆ?"

"ಗಾಡಿ ಗುದ್ದಿದ್ರೆ ನಿಂಗೂ ಮಗೂಗೂ ಅಪಾಯ. ಎರಡು ನಿಮಿಷ ಕೊಡು, ಕುಯ್ದುಬಿಡ್ತೀನಿ."

"ಕುಯ್ದ್ರೆ?"

"ಏನೂ ಆಗಲ್ಲ."

ಅವಳು ನನ್ನ ಕಣ್ಣನ್ನೇ ನೋಡಿದಳು. "ಹಂಗಾದ್ರೆ ಮಧ್ಯಾಹ್ನ ಯಾಕೆ ಬಿಟ್ರಿ? ನಿಮ್ ಮಗಳ ತುಟಿ ಗ್ರಹಣದಿಂದ ಆಗಿದ್ದಲ್ಲ ಅಂತ ಅವಳ ಮೇಲೆ ಆಣೆ ಇಟ್ಟು ಹೇಳಿ. ಆಮೇಲೆ ಕುಯ್ಯಿರಿ. ನಾನು ಅತ್ತೆ ಮಾತು ಕೇಳಲ್ಲ."

ಹೇಳಬೇಕಿತ್ತು. ಡಾಕ್ಟರು ಹೇಳಿದ್ದು ಗೊತ್ತು, ಮೂರು ತಿಂಗಳ ಲೆಕ್ಕ ಗೊತ್ತು, ಚೈತ್ರಳ ಮಗುವಿನ ತುಟಿ ಎಂದೋ ಕೂಡಿ ಆಗಿದೆ ಎನ್ನುವುದೂ ಗೊತ್ತು. ಒಂದು ಮಾತು, ಅಷ್ಟೇ. ಬಾಯಿ ತೆರೆದೆ. ಅಕಸ್ಮಾತ್ ಸುಳ್ಳಾದರೆ ಆ ಆಣೆ ಮೈತ್ರಿಯ ತಲೆಯ ಮೇಲೆ ಬೀಳುತ್ತದೆ ಎನ್ನುವ ಹೆದರಿಕೆ ಎಲ್ಲಿಂದಲೋ ಬಂತು. ನನ್ನ ಮಗಳಿಗೆ ಒಂದು ಸಲ ಆದದ್ದು ಸಾಲದೇ ಎನಿಸಿತು. ನಾಲಿಗೆ ಏಳಲೇ ಇಲ್ಲ.

ಹಿಂದಿನ ಬಸ್ಸಿನವನು ಹಾರನ್ ಮೇಲಿಂದ ಕೈ ತೆಗೆಯದೆ ಒತ್ತುತ್ತಿದ್ದ. ಚೈತ್ರಳ ಮುಖ ಬಿಳಿಚಿಕೊಂಡಿತು. ನನ್ನ ಕೈ ಬಿಟ್ಟಳು.

"ಬೇಡ ಅಕ್ಕ" ಎಂದು ಬಾಗಿಲು ಎಳೆದುಕೊಂಡಳು.

ಕಾರು ಮುಂದಕ್ಕೆ ಜಿಗಿಯಿತು. ಆಗ ಬಾಯಿ ಬಂತು ನನಗೆ. "ಆಣೆ! ಮೈತ್ರಿ ಮೇಲೆ ಆಣೆ! ಗ್ರಹಣದಿಂದಲ್ಲ!" ಎಂದು ರಸ್ತೆಯ ನಡುವೆ ನಿಂತು ಕೂಗಿದೆ. ಬಸ್ಸು ಅಡ್ಡ ಬಂತು. ಆಟೋದವನೊಬ್ಬ, "ಏನಮ್ಮಾ, ಸಾಯೋಕೆ ನನ್ನ ಗಾಡೀನೇ ಬೇಕಾ?" ಎಂದು ಬೈದು ಹೋದ. ಸ್ಕೂಟರ್ ತೆಗೆಯುವಷ್ಟರಲ್ಲಿ ಸಿಗ್ನಲ್ ಮತ್ತೆ ಕೆಂಪಾಯಿತು. ಪೊಲೀಸಿನವನು ನನ್ನ ಮುಂದೆಯೇ ಕೈ ಅಡ್ಡ ಹಿಡಿದ.

ಆಮೇಲೆ ದಾರಿಯುದ್ದಕ್ಕೂ ಆ ಕಾರನ್ನೇ ಹುಡುಕಿದೆ. ಬನಶಂಕರಿಯ ಹತ್ತಿರ ಒಂದು ಕಡೆ ಜನ ಗುಂಪು ಕೂಡಿದ್ದರು, ಗಾಡಿಗಳು ನಿಂತುಬಿಟ್ಟಿದ್ದವು. ಬಗ್ಗಿ ನೋಡುವ ಧೈರ್ಯ ಬರಲಿಲ್ಲ. ಗ್ರಹಣ ಬಿಟ್ಟದ್ದನ್ನು ನೋಡಲು ನಿಂತವರಿರಬೇಕು ಎಂದುಕೊಂಡು ಸಂದಿಯೊಂದಕ್ಕೆ ತಿರುಗಿಸಿ ಇಲ್ಲಿಗೆ ಬಂದೆ.

ಈಗ ಏಳೂವರೆ. ಒಂಬತ್ತನೇ ಬ್ಲಾಕಿನ ಈ ಆಸ್ಪತ್ರೆಯ ಗೇಟಿನಲ್ಲಿ ನಿಂತು ಅರ್ಧ ಗಂಟೆಯಾಯಿತು. ಕೆಂಪರಾಜುವಿನ ಫೋನ್ ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ. ರಿಸೆಪ್ಷನ್ನಿನಲ್ಲಿ ಚೈತ್ರ ಎನ್ನುವ ಹೆಸರು ಕೇಳಿದೆ, ಲಿಸ್ಟಿನಲ್ಲಿಲ್ಲ ಎಂದರು. ಹೆರಿಗೆ ವಾರ್ಡಿನ ಮೆಟ್ಟಿಲವರೆಗೂ ಹೋಗಿ ನೋಡಿ ಬಂದೆ. ಸೆಕ್ಯೂರಿಟಿಯವನನ್ನು ನಾಲ್ಕನೇ ಸಲ ಕೇಳಿದಾಗ ಅವನಿಗೂ ಪಾಪ ಎನಿಸಿರಬೇಕು, ಎದ್ದು ಬಂದು ರಸ್ತೆಯ ಕಡೆ ನೋಡಿದ.

"ನಿಮಗಿಂತ ಮುಂಚೆ ಹೊರಟಿದ್ರಾ ಮೇಡಂ ಅವ್ರು?" ಎಂದ.

ಹೌದು ಎಂದೆ.